ಕಲ್ಲುಸಾಲುಗಳ ಲೆಕ್ಕ ಬರೆದಿಟ್ಟ ಮೆಡೋಸ್ ಟೇಲರ್

ಪಾಸ್ಖ ಹಬ್ಬದ ದಿನಾಂಕ ಪ್ರತಿ ವರ್ಷ ಬದಲಾಗುವುದೇಕೆಂದು ನಮ್ಮ ಮಕ್ಕಳು ಕೇಳುವುದುಂಟು. ಧರ್ಮಸಭೆಯ ಪಂಚಾಂಗದಂತೆ ಮಾರ್ಚ್ 21ರಂದು ಅಥವಾ ತರುವಾಯ ಬರುವ ಹುಣ್ಣಿಮೆಯ ಮುಂದಿನ ಭಾನುವಾರವೇ ಆ ಹಬ್ಬ. ಸೂರ್ಯಚಂದ್ರರನ್ನು ಅನುಸರಿಸಿ ಕಾಲವನ್ನೆಣಿಸುವ ಈ ರೂಢಿ ಬಹು ಪುರಾತನವಾದುದು. ನವಲಗುಂದದ ಎರೆಹೊಲದಲ್ಲಿಯೂ ಕಲಘಟಗಿಯ ಭತ್ತದ ಗದ್ದೆಯಲ್ಲಿಯೂ ರೈತರು ಮಳೆನಕ್ಷತ್ರಗಳನ್ನು ಎಣಿಸಿಯೇ ಬಿತ್ತನೆಗೆ ಅಣಿಯಾಗುತ್ತಾರೆ. ಮೆಕ್ಸಿಕೋ ದೇಶದ ಮಾಯಾ ಜನರು ಚಿಚೆನ್ ಇಟ್ಜಾದ ಕಲ್ಲಿನ ದೇಗುಲಕ್ಕೆ ವರ್ಷದ ದಿನಗಳಷ್ಟೇ, ಅಂದರೆ 365 ಮೆಟ್ಟಿಲುಗಳನ್ನಿರಿಸಿದರು. ನಮ್ಮ ಕನ್ನಡ ನಾಡಿನಲ್ಲಿಯೂ ಸೂರ್ಯನ ದಾರಿಯನ್ನು ಗುರುತಿಸುವ ಪ್ರಾಚೀನ ಶಿಲೆಗಳಿವೆ. ಇಂಥ ಶಿಲೆಗಳನ್ನು ಮೊದಮೊದಲು ಬರಹಕ್ಕೆ ತಂದವರಲ್ಲಿ ಒಬ್ಬರಾದ ಮೆಡೋಸ್ ಟೇಲರರನ್ನು ಇಂದು ಸ್ಮರಿಸೋಣ.

ಟೇಲರರು 1808ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಜನಿಸಿದರು. 1824ರಲ್ಲಿ, ಇನ್ನೂ ಹದಿನೈದರ ಬಾಲಕನಾಗಿದ್ದಾಗಲೇ, ಮುಂಬಯಿಯ ವ್ಯಾಪಾರಿಯೊಬ್ಬರ ಬಳಿ ದುಡಿಯಲೆಂದು ಬಂದರು. ಅಲ್ಲಿ ನೆಲೆ ಸಿಗದೆ ಹೈದರಾಬಾದಿನ ನಿಜಾಮರ ಸೇವೆಗೆ ಸೇರಿದರು. ದೊಡ್ಡ ವಿದ್ಯಾಲಯದ ಓದಿಲ್ಲದಿದ್ದರೂ ಭಾಷೆಗಳನ್ನೂ ಭೂಮಾಪನವನ್ನೂ ಸ್ವಪ್ರಯತ್ನದಿಂದ ಕಲಿತರು. 1841ರಲ್ಲಿ ಸುರಪುರಕ್ಕೆ ಬಂದು, ಬಾಲಕ ರಾಜ ವೆಂಕಟಪ್ಪ ನಾಯಕರ ಪರವಾಗಿ 1853ರವರೆಗೆ ಆಡಳಿತ ನಡೆಸಿದರು. ಆ ಬಾಲಕ ಅವರನ್ನು ಅಪ್ಪಾ ಎಂದೇ ಕರೆಯುತ್ತಿದ್ದ. 1858ರ ಬಂಡಾಯದಲ್ಲಿ ಸೆರೆಸಿಕ್ಕ ಆ ರಾಜ ಅಕಾಲ ಮರಣಕ್ಕೀಡಾದುದು ಟೇಲರರ ಬಾಳಿನ ದೊಡ್ಡ ನೋವು.

ಆಡಳಿತದ ನಡುವೆಯೂ ಅವರು ಜೇವರ್ಗಿಯ ಪ್ರಾಚೀನ ಸಮಾಧಿಗಳನ್ನು ಅಗೆಸಿ ನೋಡಿದರು. ಶಹಾಪುರದ ಬಳಿಯ ವಿಭೂತಿಹಳ್ಳಿಯಲ್ಲಿ ಸಾಲುಸಾಲಾಗಿರುವ ಬಂಡೆಗಳನ್ನು ವಿವರಿಸಿದರು. ಯುರೋಪಿನ ಶಿಲಾಸ್ಮಾರಕಗಳೊಂದಿಗೆ ಇವನ್ನು ಹೋಲಿಸಿದರು. ಒಂದೂವರೆ ಶತಮಾನದ ಬಳಿಕ ವಿಜ್ಞಾನಿಗಳು ಶಿವಮೊಗ್ಗ ಜಿಲ್ಲೆಯ ನಿಲಸ್ಕಲ್ಲಿನಲ್ಲಿ ಅಳತೆ ಮಾಡಿದಾಗ, ಅಲ್ಲಿ ನಿಲ್ಲಿಸಿದ ಕಲ್ಲುಗಳು ಉತ್ತರಾಯಣ ಹಾಗೂ ದಕ್ಷಿಣಾಯನಗಳು ಆರಂಭವಾಗುವ ದಿನಗಳ ಸೂರ್ಯೋದಯದ ದಿಕ್ಕಿಗೆ ಹೊಂದುವುದು ಕಂಡುಬಂದಿತು. ವಿಭೂತಿಹಳ್ಳಿಯಂಥ ಸಾಲುಗಳೂ ಪಂಚಾಂಗಗಳಾಗಿದ್ದಿರಬಹುದೆಂಬ ವಿಚಾರ ಈಗ ಬಲಗೊಂಡಿದೆ.

1866ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ, ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುಶಿಲ್ಪವನ್ನು ಕುರಿತ ಚಿತ್ರಗ್ರಂಥಕ್ಕೆ ಐತಿಹಾಸಿಕ ಲೇಖನ ಬರೆದವರೂ ಟೇಲರರೇ. 1876ರಲ್ಲಿ ಅವರು ಫ್ರಾನ್ಸಿನ ಮೆಂತೋನಿನಲ್ಲಿ ತೀರಿಕೊಂಡರು.

ಇಂಥ ಸಾಲಿನ ಒಂದೇ ಕಲ್ಲನ್ನು ಸರಿಸಿದರೂ ಸೂರ್ಯನತ್ತ ನೆಟ್ಟ ಗುರಿ ಅಳಿಯುತ್ತದೆ. ಮತ್ತೆ ಅದನ್ನು ಯಾರೂ ಕೂಡಿಸಲಾರರು. ಹೊಲದಂಚಿನಲ್ಲೋ ಗುಡ್ಡದ ಬುಡದಲ್ಲೋ ಹಳೆಯ ಕಲ್ಲು ನಿಂತಿದ್ದರೆ, ಅಡಿಪಾಯಕ್ಕೆಂದು ಅದನ್ನು ಕೀಳುವ ಮೊದಲು ಬಲ್ಲವರಿಗೆ ತೋರಿಸುವುದು ನಮ್ಮೆಲ್ಲರ ಕರ್ತವ್ಯ.