ವ್ಯಾಯಾಮ ಶಿಕ್ಷಕ ಕೆ.ವಿ. ಅಯ್ಯರ್: ಜೀವನ ಪರಿಚಯ

ಉತ್ತರ ಕನ್ನಡ ಜಿಲ್ಲೆಯ ಹಳಿಯಾಳವು ಕುಸ್ತಿಗೆ ಹೆಸರಾದ ಊರು. ಕುಸ್ತಿ ತರಬೇತಿಯ ಕ್ರೀಡಾ ವಸತಿ ನಿಲಯವೂ ಅಲ್ಲಿದೆ. ಹಳಿಯಾಳ, ದಾಂಡೇಲಿ, ಜೋಯಿಡಾ ಮತ್ತು ಮುಂಡಗೋಡ ತಾಲ್ಲೂಕುಗಳಿಂದ ಕ್ರೀಡಾ ತರಬೇತಿಗೆ ಅರ್ಜಿ ಸಲ್ಲಿಸುವ ನಾಗರಿಕರ ಮಾಹಿತಿಗಾಗಿ, ಸ್ವತಃ ಅಂಗಸಾಧಕರಾಗಿದ್ದು ಅನಂತರ ನಾಡಿನ ಹೆಸರಾಂತ ವ್ಯಾಯಾಮ ಶಿಕ್ಷಕರಾದ ದಿವಂಗತ ಕೆ.ವಿ. ಅಯ್ಯರ್ ಅವರ ಜೀವನ ಪರಿಚಯವನ್ನು ಇಲ್ಲಿ ನೀಡಲಾಗಿದೆ.

ಅಂಗಸಾಧನೆ

ಕೋಲಾರ ವೆಂಕಟೇಶ ಅಯ್ಯರ್ ಅವರು 19ನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಜನಿಸಿದರು. ನಿರಂತರ ಸಾಧನೆಯಿಂದ ಸುಂದರವೂ ಸದೃಢವೂ ಆದ ಮೈಕಟ್ಟನ್ನು ಪಡೆದರು. ಅವರ ಛಾಯಾಚಿತ್ರಗಳು ವಿದೇಶಿ ವ್ಯಾಯಾಮ ಪತ್ರಿಕೆಗಳಲ್ಲಿಯೂ ಪ್ರಕಟವಾದವು. ಆದರೆ ತಮ್ಮ ದೇಹದ ಪ್ರದರ್ಶನಕ್ಕೆ ಅವರು ತೃಪ್ತರಾಗಲಿಲ್ಲ. ದೇಹದಾರ್ಢ್ಯವು ಪೈಲ್ವಾನರ ಸ್ವತ್ತು ಮಾತ್ರವಲ್ಲ, ಕ್ರಮವರಿತು ದುಡಿದರೆ ಯಾರಿಗಾದರೂ ಲಭಿಸತಕ್ಕದ್ದು ಎಂಬುದು ಅವರ ನಿಲುವಾಗಿತ್ತು.

ಶಿಕ್ಷಕ ವೃತ್ತಿ

1922ರಲ್ಲಿ ಅವರು ಬೆಂಗಳೂರಿನಲ್ಲಿ ವ್ಯಾಯಾಮ ಶಾಲೆಯನ್ನು ಆರಂಭಿಸಿದರು. ಡಂಬೆಲ್ಸ್ ಮತ್ತು ಬಾರ್‌ಬೆಲ್ ಸಾಧನೆಯೊಂದಿಗೆ ದಂಡ, ಬಸ್ಕಿ, ಸೂರ್ಯನಮಸ್ಕಾರ ಹಾಗೂ ಯೋಗಾಸನಗಳನ್ನು ಜೋಡಿಸಿದ್ದು ಅವರ ಪದ್ಧತಿಯ ವೈಶಿಷ್ಟ್ಯ. ಯೋಗ ಶಿಕ್ಷಕ ಸುಂದರಂ ಅವರೊಡನೆ ಸೇರಿ ಸಾರ್ವಜನಿಕ ಪ್ರಾತ್ಯಕ್ಷಿಕೆಗಳನ್ನು ನೀಡಿದರು. 1930ರಲ್ಲಿ ‘ಮಸಲ್ ಕಲ್ಟ್’ ಮತ್ತು 1937ರಲ್ಲಿ ‘ಸೂರ್ಯ ನಮಸ್ಕಾರ್’ ಎಂಬ ಇಂಗ್ಲಿಷ್ ಗ್ರಂಥಗಳನ್ನು ಪ್ರಕಟಿಸಿದರು.

ಬೆಂಗಳೂರಿಗೆ ಬರಲಾಗದ ದೂರದ ಊರುಗಳವರಿಗಾಗಿ ಅಂಚೆಯ ಮೂಲಕ ವ್ಯಾಯಾಮ ಪಾಠಗಳನ್ನು ಕಳುಹಿಸುವ ವ್ಯವಸ್ಥೆಯನ್ನು ಕೈಗೊಂಡಿದ್ದು ಅವರ ವೃತ್ತಿಜೀವನದ ಗಮನಾರ್ಹ ಸಂಗತಿ. ಗರಡಿ ಮನೆಯಲ್ಲಿ ಗುರುವಿನ ಕಣ್ಣೆದುರಿಗೆ ಕಲಿಯಬೇಕಾಗಿದ್ದ ವಿದ್ಯೆಯು ಇದರಿಂದ ಮನೆಮನೆಗೂ ತಲುಪುವಂತಾಯಿತು.

ಅರಮನೆಯ ಆಶ್ರಯ

ಮೈಸೂರಿನ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರು ಅಸ್ವಸ್ಥರಾಗಿದ್ದಾಗ ಅಯ್ಯರ್ ಅವರು ತಕ್ಕ ವ್ಯಾಯಾಮಗಳಿಂದ ಅವರ ಚೇತರಿಕೆಗೆ ನೆರವಾದರು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಅವರ ಹಿರಿಯ ಶಿಷ್ಯ ಅನಂತರಾವ್ ಅವರು ವ್ಯಾಯಾಮ ತರಗತಿಗಳನ್ನು ನಡೆಸುತ್ತಿದ್ದರು. ಮಹಾರಾಜರ ಧನಸಹಾಯದಿಂದ 1940ರಲ್ಲಿ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ‘ವ್ಯಾಯಾಮ ಶಾಲೆ’ಯ ಕಟ್ಟಡ ಸಿದ್ಧವಾಯಿತು. ಅದೇ ವರ್ಷ ಮಹಾರಾಜರು ನಿಧನರಾದರು. ಆ ಬಳಿಕವೂ ಅಯ್ಯರ್ ಅವರು ಶಿಕ್ಷಣ ಕಾರ್ಯವನ್ನು ಮುಂದುವರಿಸಿದರು.

ಸಾಹಿತ್ಯ ಮತ್ತು ರಂಗಭೂಮಿ

ನಾಟಕಕಾರ ಟಿ.ಪಿ. ಕೈಲಾಸಂ ಅವರ ಆಪ್ತರಾಗಿದ್ದ ಅಯ್ಯರ್ ಅವರು ‘ರವಿ ಕಲಾವಿದರು’ ತಂಡದ ಮೂಲಕ ಹವ್ಯಾಸಿ ರಂಗಭೂಮಿಗೂ ಸೇವೆ ಸಲ್ಲಿಸಿದರು. ಹೊಯ್ಸಳ ರಾಣಿಯನ್ನು ಕುರಿತ ‘ಶಾಂತಲಾ’ ಹಾಗೂ ‘ರೂಪದರ್ಶಿ’ ಅವರ ಪ್ರಸಿದ್ಧ ಕಾದಂಬರಿಗಳು. 1980ರಲ್ಲಿ ಅವರು ನಿಧನರಾದರು.

ಅರ್ಜಿದಾರರ ಗಮನಕ್ಕೆ

ಹುಟ್ಟಿನಿಂದ ಬಂದ ಮೈಕಟ್ಟಿಗಿಂತ ಕ್ರಮಬದ್ಧ ಅಭ್ಯಾಸವೇ ಮುಖ್ಯವೆಂಬುದನ್ನು ಅಯ್ಯರ್ ಅವರು ಮೊದಲು ತಮ್ಮ ದೇಹದಲ್ಲಿಯೂ ಅನಂತರ ಶಿಷ್ಯರಲ್ಲಿಯೂ ತೋರಿಸಿಕೊಟ್ಟರು. ತರಬೇತಿ ಕೇಂದ್ರಗಳಿಂದ ದೂರವಿರುವ ಅರಣ್ಯ ಪ್ರದೇಶದ ಗ್ರಾಮಗಳ ಯುವಕ ಯುವತಿಯರಿಗೂ ಇದು ಅನ್ವಯಿಸುತ್ತದೆ. ಕ್ರೀಡಾ ವಸತಿ ನಿಲಯದ ಪ್ರವೇಶಕ್ಕೆ ಬೇಕಾದ ಅರ್ಹತೆ, ವಯೋಮಿತಿ ಹಾಗೂ ಆಯ್ಕೆ ಪರೀಕ್ಷೆಯ ವಿವರಗಳನ್ನು ಕಾರವಾರದಲ್ಲಿರುವ ಇಲಾಖೆಯ ಜಿಲ್ಲಾ ಕಚೇರಿಯಿಂದ ಪಡೆಯಬಹುದಾಗಿದೆ.