ದಿವಾನ್ ಸಿ.ವಿ. ರಂಗಾಚಾರ್ಲು (1831–1883): ಪ್ರಜಾಪ್ರತಿನಿಧಿ ಸಭೆಯ ಸ್ಥಾಪಕರು

ಮೈಸೂರು ನಗರದ ದೊಡ್ಡ ಗಡಿಯಾರದ ಸಮೀಪದಲ್ಲಿರುವ ಪುರಭವನವು ದಿವಾನ್ ಸಿ.ವಿ. ರಂಗಾಚಾರ್ಲು ಅವರ ಸ್ಮಾರಕವಾಗಿದೆ. ಸರ್ಕಾರದ ಕೆಲಸದಲ್ಲಿ ಅಧಿಕಾರಿಗಳ ಆಲೋಚನೆಯೊಂದಿಗೆ ಪ್ರಜೆಗಳ ಆಲೋಚನೆಗೂ ನಿಯತವಾದ ಸ್ಥಾನವನ್ನು ಕಲ್ಪಿಸಿದ ಕೀರ್ತಿ ಇವರಿಗೆ ಸಲ್ಲುತ್ತದೆ.

ಆರಂಭಿಕ ಜೀವನ

ಇವರು 1831ರಲ್ಲಿ ಅಂದಿನ ಮದರಾಸು ಪ್ರಾಂತ್ಯದ ಚೆಂಗಲ್ಪಟ್ಟು ಜಿಲ್ಲೆಯಲ್ಲಿ ಜನಿಸಿದರು. ಮದರಾಸಿನಲ್ಲಿ ವಿದ್ಯಾಭ್ಯಾಸ ಮುಗಿಸಿ ಸರ್ಕಾರಿ ಸೇವೆಗೆ ಸೇರಿದರು. ಮುಮ್ಮಡಿ ಕೃಷ್ಣರಾಜ ಒಡೆಯರ್ ಅವರು 1868ರಲ್ಲಿ ನಿಧನರಾದ ನಂತರ ಅರಮನೆಯ ವ್ಯವಹಾರಗಳನ್ನು ಕ್ರಮಪಡಿಸಲು ಮೈಸೂರಿಗೆ ಆಗಮಿಸಿದರು. ಆಗ ಸಂಸ್ಥಾನವು ಬ್ರಿಟಿಷ್ ಕಮಿಷನರ ಆಡಳಿತದಲ್ಲಿತ್ತು. ಈ ಆಡಳಿತವನ್ನು ವಿಮರ್ಶಿಸಿ ಇವರು ರಚಿಸಿದ ಕಿರುಹೊತ್ತಿಗೆಯು 1874ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು.

ದಿವಾನರಾಗಿ

1881ರ ಮಾರ್ಚ್ 25ರಂದು ರಾಜ್ಯಾಧಿಕಾರವು ಹತ್ತನೆಯ ಚಾಮರಾಜ ಒಡೆಯರ್ ಅವರಿಗೆ ಮರಳಿತು. ರಂಗಾಚಾರ್ಲು ಅವರು ದಿವಾನರಾಗಿ ನೇಮಕಗೊಂಡರು. 1876–78ರ ಭೀಕರ ಕ್ಷಾಮದಲ್ಲಿ ಲಕ್ಷಾಂತರ ಜನರು ಅಸುನೀಗಿದ್ದರು. ಬೊಕ್ಕಸ ಬರಿದಾಗಿ, ಸಂಸ್ಥಾನದ ಮೇಲೆ 80 ಲಕ್ಷ ರೂಪಾಯಿಗಳ ಸಾಲದ ಹೊರೆಯಿತ್ತು. ವೆಚ್ಚ ಕಡಿತಕ್ಕಾಗಿ ಹಲವು ಹುದ್ದೆಗಳನ್ನು ರದ್ದುಪಡಿಸುವುದು ಅನಿವಾರ್ಯವಾಯಿತು. ಇಂತಹ ಬಿಕ್ಕಟ್ಟಿನ ಕಾಲದಲ್ಲಿಯೂ ಬೆಂಗಳೂರು–ಮೈಸೂರು ರೈಲು ಮಾರ್ಗವು 1882ರಲ್ಲಿ ಪೂರ್ಣಗೊಂಡಿತು.

ಪ್ರಜಾಪ್ರತಿನಿಧಿ ಸಭೆ

ಕಚೇರಿಯ ಕಡತಗಳಿಂದ ಮಾತ್ರವೇ ನಾಡಿನ ಸ್ಥಿತಿಯನ್ನು ಅರಿಯಲಾಗದೆಂಬುದು ಇವರ ದೃಢ ಅಭಿಪ್ರಾಯವಾಗಿತ್ತು. ಅದರಂತೆ 1881ರ ಆಗಸ್ಟ್ 25ರಂದು ಸಭೆಯ ಸ್ಥಾಪನೆಗೆ ಆದೇಶ ಹೊರಟಿತು. ಪ್ರತಿ ತಾಲ್ಲೂಕಿನ ಭೂಹಿಡುವಳಿದಾರರು ಹಾಗೂ ವರ್ತಕರ ಪ್ರತಿನಿಧಿಗಳನ್ನು ದಸರಾ ಸಮಯದಲ್ಲಿ ಮೈಸೂರಿಗೆ ಆಹ್ವಾನಿಸಲಾಯಿತು. ಉತ್ಸವಕ್ಕೆ ಬಂದವರು ಆಡಳಿತದ ವಿಚಾರಗಳಲ್ಲಿಯೂ ಭಾಗವಹಿಸಲೆಂಬುದು ಈ ಏರ್ಪಾಡಿನ ಉದ್ದೇಶವಾಗಿತ್ತು.

ಅಕ್ಟೋಬರ್ 7ರಂದು ನಡೆದ ಪ್ರಥಮ ಅಧಿವೇಶನದಲ್ಲಿ 144 ಪ್ರತಿನಿಧಿಗಳು ಪಾಲ್ಗೊಂಡರು. ಹಿಂದಿನ ವರ್ಷದ ಆದಾಯ, ವೆಚ್ಚ ಮತ್ತು ಕಾಮಗಾರಿಗಳ ವಿವರವನ್ನೂ ಮುಂದಿನ ಕಾರ್ಯಕ್ರಮವನ್ನೂ ದಿವಾನರು ಸಭೆಯ ಮುಂದಿಟ್ಟರು. ಬಳಿಕ ಪ್ರತಿನಿಧಿಗಳು ತಮ್ಮ ಪ್ರದೇಶದ ಕುಂದುಕೊರತೆ ಹಾಗೂ ಸಲಹೆಗಳನ್ನು ಮಂಡಿಸಬಹುದಾಗಿತ್ತು. ಸಭೆಗೆ ಶಾಸನ ರಚಿಸುವ ಅಧಿಕಾರವಾಗಲಿ, ಆಯವ್ಯಯವನ್ನು ತಿರಸ್ಕರಿಸುವ ಅಧಿಕಾರವಾಗಲಿ ಇರಲಿಲ್ಲ. ಬಡ ರೈತರು ಮತ್ತು ಮಹಿಳೆಯರಿಗೆ ಇದರಲ್ಲಿ ಸ್ಥಾನವಿರಲಿಲ್ಲ. ಆದರೂ ಸರ್ಕಾರವು ತನ್ನ ಲೆಕ್ಕವನ್ನು ಪ್ರಜೆಗಳ ಎದುರು ಓದಿ ಹೇಳಿ, ಅವರ ಮಾತನ್ನು ಆಲಿಸುವ ಪದ್ಧತಿಯು ಇದರಿಂದ ಆರಂಭವಾಯಿತು.

ನಿಧನ ಮತ್ತು ಮುಂದಿನ ಬೆಳವಣಿಗೆ

ಎರಡನೆಯ ಅಧಿವೇಶನ ಮುಗಿದ ಕೆಲವೇ ತಿಂಗಳುಗಳಲ್ಲಿ, 1883ರ ಜನವರಿಯಲ್ಲಿ, ರಂಗಾಚಾರ್ಲು ಅವರು ನಿಧನರಾದರು. ಇವರು ದಿವಾನರಾಗಿದ್ದ ಅವಧಿ ಎರಡು ವರ್ಷಗಳಿಗೂ ಕಡಿಮೆ. ಸ್ಥಾಪಕರೊಂದಿಗೆ ಸಭೆಯು ಕೊನೆಗೊಳ್ಳಲಿಲ್ಲ. ಉತ್ತರಾಧಿಕಾರಿಯಾದ ಕೆ. ಶೇಷಾದ್ರಿ ಅಯ್ಯರ್ ಅವರು ಇದನ್ನು ಮುಂದುವರಿಸಿದರು. 1891ರಿಂದ ಸದಸ್ಯರ ಚುನಾವಣೆಗೆ ಅವಕಾಶ ದೊರೆಯಿತು. 1923ರಲ್ಲಿ ಸಭೆಗೆ ಶಾಸನಬದ್ಧ ಸ್ಥಾನ ಲಭಿಸಿತು. 1949ರಲ್ಲಿ ವಿಸರ್ಜನೆಯಾಗುವವರೆಗೂ ಈ ಸಭೆಯು ಅಸ್ತಿತ್ವದಲ್ಲಿತ್ತು.