ಮಿದುಳಿನ ಅಲೆಗಳನ್ನು ಕಂಡ ಹಾನ್ಸ್ ಬೆರ್ಗರ್

ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲಿನಷ್ಟಿರುವ ಮಿದುಳು, ದೇಹವು ಬಳಸುವ ಆಮ್ಲಜನಕದಲ್ಲಿ ಸುಮಾರು ಐದನೆಯ ಒಂದು ಪಾಲನ್ನು ತಾನೇ ಹೀರಿಕೊಳ್ಳುತ್ತದೆ. ಹೃದಯ ನಿಂತು ಕೆಲವೇ ನಿಮಿಷ ಆ ಪೂರೈಕೆ ತಪ್ಪಿದರೂ ಮಿದುಳು ಘಾಸಿಗೊಳ್ಳುತ್ತದೆ. ಹೃದಯ ಮತ್ತೆ ಮಿಡಿದರೂ ಪ್ರಜ್ಞೆ ಮರಳದೆ ಮಲಗಿರುವ ರೋಗಿಯ ಮಿದುಳಿನ ಸ್ಥಿತಿಯನ್ನು ಹೊರಗಿನಿಂದಲೇ ಅರಿಯುವ ಒಂದು ದಾರಿಯನ್ನು ತೆರೆದವರು ಜರ್ಮನಿಯ ಮನೋವೈದ್ಯ ಹಾನ್ಸ್ ಬೆರ್ಗರ್.

ಅವರು 1873ರ ಮೇ 21ರಂದು ಕೊಬುರ್ಗ್ ನಗರದ ಬಳಿಯ ನೊಯ್ಸೆಸ್ ಗ್ರಾಮದಲ್ಲಿ ಜನಿಸಿದರು. ತಂದೆ ವೈದ್ಯರು. ತಾಯಿಯ ತಂದೆ ಕವಿ ಫ್ರೀಡ್ರಿಷ್ ರೂಕರ್ಟ್. ಮಹಾಭಾರತದ ನಳದಮಯಂತಿಯರ ಕಥೆಯನ್ನು ಜರ್ಮನ್ ಪದ್ಯಕ್ಕೆ ತಂದ ಸಂಸ್ಕೃತಜ್ಞರು ಅವರೇ.

ತರುಣ ಬೆರ್ಗರರಿಗೆ ಮೊದಲು ಒಲವಿದ್ದುದು ಖಗೋಳಶಾಸ್ತ್ರದಲ್ಲಿ. ಓದನ್ನು ನಿಲ್ಲಿಸಿ ಸೈನ್ಯದಲ್ಲಿದ್ದಾಗ ಒಂದು ದಿನ ಕುದುರೆಯಿಂದ ಉರುಳಿ, ಫಿರಂಗಿ ಬಂಡಿಯ ಗಾಲಿಯ ಮುಂದೆಯೇ ಬಿದ್ದರು. ಬಂಡಿ ನಿಂತು ಜೀವ ಉಳಿಯಿತು. ಅದೇ ಸಂಜೆ ಮನೆಯಿಂದ ತಂತಿ ಬಂದಿತು. ದೂರದಲ್ಲಿದ್ದ ಅಕ್ಕನಿಗೆ ತಮ್ಮನಿಗೇನೋ ಆಪತ್ತೊದಗಿತೆಂಬ ತಳಮಳ ಹುಟ್ಟಿ, ಅವಳ ಒತ್ತಾಯದಿಂದ ತಂದೆ ಕ್ಷೇಮ ವಿಚಾರಿಸಿದ್ದರು. ಕಾಕತಾಳೀಯವೆಂದು ಇತರರು ಮರೆಯಬಹುದಾಗಿದ್ದ ಆ ಘಟನೆ ಬೆರ್ಗರರನ್ನು ಬಿಡಲಿಲ್ಲ. ಮನಸ್ಸಿನ ಶಕ್ತಿಗೆ ಭೌತಿಕ ಆಧಾರವೇನೆಂದು ಹುಡುಕಲು ಅವರು ವೈದ್ಯಶಾಸ್ತ್ರಕ್ಕೆ ತಿರುಗಿದರು. ಅವರ ನಂಬಿಕೆ ವಿಜ್ಞಾನದ ಒರೆಗೆ ನಿಲ್ಲಲಿಲ್ಲ. ಹುಡುಕಾಟ ಮಾತ್ರ ವ್ಯರ್ಥವಾಗಲಿಲ್ಲ.

ಯೇನಾ ನಗರದ ಮನೋವೈದ್ಯಾಲಯವನ್ನು ಸೇರಿದ ಅವರು 1919ರಲ್ಲಿ ಅದರ ಮುಖ್ಯಸ್ಥರಾದರು. ಮೊಲ ಮತ್ತು ಕೋತಿಗಳ ಮಿದುಳಿನಲ್ಲಿ ವಿದ್ಯುತ್ತಿರುವುದನ್ನು ಇಂಗ್ಲೆಂಡಿನ ರಿಚರ್ಡ್ ಕೇಟನ್ 1875ರಲ್ಲಿಯೇ ತೋರಿಸಿದ್ದರು. ಮನುಷ್ಯನಲ್ಲಿ ಅದನ್ನು ಮೊದಲು ದಾಖಲಿಸಿದವರು ಬೆರ್ಗರ್. ದಿನ 1924ರ ಜುಲೈ 6. ಆದರೆ ಅವರು ಹಿಗ್ಗಲಿಲ್ಲ, ಶಂಕಿಸಿದರು. ವೋಲ್ಟಿನ ಅತ್ಯಲ್ಪ ಅಂಶವಷ್ಟೇ ಆದ ಆ ಕಂಪನ ಹೃದಯದ್ದೋ, ನಾಡಿಯದೋ, ಸ್ನಾಯುವಿನದೋ ಆಗಿರಬಾರದೇಕೆ? ಮಗ ಕ್ಲೌಸನ ನೆತ್ತಿಯ ಮೇಲೂ ಪರೀಕ್ಷೆ ನಡೆಸಿ, ಐದು ವರ್ಷ ಬಾಯಿ ಬಿಡದೆ, 1929ರಲ್ಲಿ ಪ್ರಕಟಿಸಿದರು. ಕಣ್ಣು ಮುಚ್ಚಿ ವಿರಮಿಸಿದಾಗ ಸೆಕೆಂಡಿಗೆ ಸುಮಾರು ಹತ್ತರಂತೆ ಏಳುವ ಅಲೆಗಳಿಗೆ ಅವರಿಟ್ಟ ಹೆಸರು ಆಲ್ಫಾ. ವಿದ್ವಾಂಸರು ಬಹುಮಟ್ಟಿಗೆ ಲಕ್ಷಿಸಲಿಲ್ಲ. 1934ರಲ್ಲಿ ಕೇಂಬ್ರಿಜ್‌ನ ಏಡ್ರಿಯನ್ ಮತ್ತು ಮ್ಯಾಥ್ಯೂಸ್ ಅದನ್ನು ದೃಢಪಡಿಸಿದ ಮೇಲೆಯೇ ಮನ್ನಣೆ ದೊರೆಯಿತು.

ಅವರ ಬಾಳಿನ ಇನ್ನೊಂದು ಮುಖವನ್ನು ಮರೆಮಾಚಲಾಗದು. ಹಳೆಯ ಚರಿತ್ರೆಗಳು ಅವರನ್ನು ನಾತ್ಸಿ ಆಡಳಿತದ ಬಲಿಪಶುವೆಂದೇ ಚಿತ್ರಿಸಿದ್ದವು. ಆದರೆ ರೋಗಿಗಳಿಗೆ ಬಲವಂತದ ಸಂತಾನಹರಣ ಚಿಕಿತ್ಸೆಯನ್ನು ವಿಧಿಸುತ್ತಿದ್ದ ನ್ಯಾಯಮಂಡಲಿಯಲ್ಲಿ ಅವರೂ ಕುಳಿತಿದ್ದರೆಂದು ಕಡತಗಳು ಹೇಳುತ್ತವೆ. 1938ರಲ್ಲಿ ನಿವೃತ್ತರಾದ ಅವರು, ಅನಾರೋಗ್ಯ ಮತ್ತು ಖಿನ್ನತೆಯಿಂದ ಬಳಲಿ, 1941ರ ಜೂನ್ 1ರಂದು ತಾವೇ ಪ್ರಾಣವನ್ನು ನೀಗಿಕೊಂಡರು.

ಇಂದು ತೀವ್ರನಿಗಾ ಘಟಕಗಳಲ್ಲಿ ಆ ಅಲೆಗಳನ್ನು ದಿನಗಟ್ಟಲೆ ಎಡೆಬಿಡದೆ ಗಮನಿಸುವುದುಂಟು. ಹೃದಯ ಸ್ತಂಭಿಸಿ ಬದುಕಿದವರಲ್ಲಿ ಮೊದಲ ದಿನದೊಳಗೆ ಅಲೆಗಳು ಅಖಂಡವಾಗಿ ಮರಳಿದರೆ ಅದು ಶುಭಸೂಚನೆ. ದಿನ ಕಳೆದರೂ ಗೆರೆ ಸಪಾಟಾಗಿದ್ದರೆ ಆತಂಕಕ್ಕೆ ಕಾರಣ. ಕೈಕಾಲು ಅಲುಗದೆ ಒಳಗೊಳಗೇ ನಡೆಯುವ ಅಪಸ್ಮಾರವೂ ಈ ದಾಖಲೆಯಲ್ಲಿ ಕಾಣುತ್ತದೆ. ನಿದ್ರೆ ಬರಿಸುವ ಔಷಧಗಳೂ ಅಲೆಗಳನ್ನು ತಗ್ಗಿಸುವುದರಿಂದ, ವೈದ್ಯರು ಅವುಗಳ ಪ್ರಭಾವ ಇಳಿಯುವವರೆಗೆ ಕಾದು, ಬೇರೆ ಪರೀಕ್ಷೆಗಳೊಡನೆ ಹೋಲಿಸಿಯೇ ಬಂಧುಗಳಿಗೆ ತಮ್ಮ ಅಭಿಪ್ರಾಯವನ್ನು ತಿಳಿಸುತ್ತಾರೆ.